ಹಸುಗಳು ಹಾಸಿಗೆ ತಿಂದ ವರ್ಷ

ಹಾಸಿಗೆ ಹೊಲಿಯುವವನ ಮಗಳು ಅವಳು. ಅಪ್ಪನ ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ, ಅದರ ತುಂಬ ಹತ್ತಿಯ ಧೂಳು. ಬೆಳಗಿನ ಬಿಸಿಲು ಬಾಗಿಲಿನಿಂದ ಒಳಗೆ ಬಂದರೆ ಕೋಲಿನಂತೆ ಗಟ್ಟಿಯಾಗಿ ನಿಂತುಬಿಡುತ್ತಿತ್ತು, ಕೈಯಲ್ಲಿ ಹಿಡಿಯಬಹುದೇನೋ ಅನ್ನಿಸುವಷ್ಟು. ಒಂದು ಹಾಸಿಗೆ ಹೊಲಿದು ಮುಗಿದ ಮೇಲೆ ಅಪ್ಪ ಅದರ ಮೇಲೆ ಮಲಗಿ ನೋಡುತ್ತಿರಲಿಲ್ಲ. ನಿಂತಲ್ಲಿಂದಲೇ ಎರಡೂ ಮಂಡಿ ಊರಿ ಧೊಪ್ಪನೆ ಬೀಳುತ್ತಿದ್ದ. ಮಂಡಿಗೆ ನೆಲ ತಾಗಿತೋ, ಹೊಲಿಗೆ ಬಿಚ್ಚಿ ಮತ್ತೆ ತುಂಬಬೇಕು.

"ಬೆನ್ನನ್ನ ನಂಬಬೇಡ ಮಗಳೇ. ದಣಿದಿದ್ರೆ ಕಲ್ಲಿನ ಮೇಲೂ ಚೆನ್ನಾಗಿದೆ ಅನ್ನುತ್ತೆ. ಮಂಡಿಗೆ ಅಂಥ ದಾಕ್ಷಿಣ್ಯ ಇಲ್ಲ" ಎನ್ನುತ್ತಿದ್ದ.

ಮದುವೆಯಾಗಿ ಅವಳು ಬಂದು ಸೇರಿದ ಮನೆಯಲ್ಲಿ ಹಾಸಿಗೆಗಳಿಗಿಂತ ಹಸುಗಳೇ ಹೆಚ್ಚು. ರಸ್ತೆಯ ಈ ಬದಿಗೆ ಮನೆ. ಮನೆಯ ಬೆನ್ನಿಗೆ ಅಂಟಿಕೊಂಡೇ ಉದ್ದನೆಯ ಕೊಟ್ಟಿಗೆ. ಆ ಬದಿಗೆ ಬಾದಾಮಿ ಗಿರಣಿ, ಅದರ ಹಿಂದೆ ಗುಡ್ಡದ ಬುಡದವರೆಗೂ ಬಾದಾಮಿ ತೋಟಗಳು. ಗಂಡ ಹಾಲಿನ ವ್ಯಾನು ಓಡಿಸುತ್ತಿದ್ದ. ಬಾಯಿ ತೆರೆದರೆ ತಮಾಷೆ. ವ್ಯಾನು ಕೆಟ್ಟು ನಿಂತರೂ ತಮಾಷೆ. ಕೊಟ್ಟಿಗೆಯ ಆಡಳಿತವೆಲ್ಲ ಅತ್ತೆಯದು. ಹಸುಗಳೊಡನೆ ಮಾತಾಡುವಾಗ ಅವರ ದನಿಯಲ್ಲಿರುತ್ತಿದ್ದ ಮೆದುತನ ಮನುಷ್ಯರ ಪಾಲಿಗೆ ಬರುತ್ತಿದ್ದುದು ಅಪರೂಪ.

ಸೊಸೆಗೆ ಮೊದಮೊದಲು ಹಸುಗಳೆಂದರೆ ಭಯ. ಬಾಲ ಅಲ್ಲಾಡಿದರೆ ಸಾಕು, ಬಕೆಟ್ಟು ಬಿಟ್ಟು ಹಿಂದೆ ಸರಿಯುತ್ತಿದ್ದಳು.

"ಅದು ನೊಣ ಓಡಿಸ್ತಿದೆ ಕಣೇ, ನಿನ್ನನ್ನಲ್ಲ" ಎಂದು ಅತ್ತೆ ಬೈಯುತ್ತಿದ್ದರು.

ಆ ಭಯವನ್ನು ಬಿಡಿಸಿದ್ದು ಬೂದಿ ಎಂಬ ಹಸು. ಒಲೆಯ ಬೂದಿಯ ಬಣ್ಣದ್ದು, ಅತ್ತೆಯ ಮುದ್ದಿನದು. ಒಂದು ದಿನ ಸೊಸೆ ಗೋದಲಿಗೆ ಹುಲ್ಲು ಹಾಕುತ್ತ ಬಗ್ಗಿದ್ದಾಗ ಅದು ತನ್ನ ಭಾರವಾದ ಗಲ್ಲವನ್ನು ಅವಳ ಹೆಗಲ ಮೇಲಿಟ್ಟು ನಿಟ್ಟುಸಿರುಬಿಟ್ಟಿತು. ಬೆಚ್ಚಗಿನ, ಹುಲ್ಲಿನ ವಾಸನೆಯ ಉಸಿರು. ಅಲ್ಲಾಡಲು ಹೆದರಿ ಹಾಗೆಯೇ ನಿಂತವಳು, ಸ್ವಲ್ಪ ಹೊತ್ತಿನ ಮೇಲೆ ಅಲ್ಲಾಡಲು ಮನಸ್ಸಿಲ್ಲದೆ ನಿಂತಳು. ಅಲ್ಲಿಂದಾಚೆಗೆ ಬೆಳಗಾದರೆ ಅವಳ ಕಾಲು ತಾನಾಗಿಯೇ ಕೊಟ್ಟಿಗೆಯ ಕಡೆ ಹೊರಡುತ್ತಿತ್ತು.

ಆದರೆ ಕೊಟ್ಟಿಗೆಯ ನೆಲ ಕಲ್ಲಿನದು, ಚಳಿಗಾಲದ ಮಳೆ ಬಿಡದೆ ಸುರಿಯುವ ಊರು. ಮೊದಲಾದರೆ ಸುತ್ತಲಿನ ಹೊಲಗಳಿಂದ ಬೇಕಾದಷ್ಟು ಒಣಹುಲ್ಲು ಬರುತ್ತಿತ್ತಂತೆ, ಮೊಣಕಾಲುದ್ದ ಹಾಸುತ್ತಿದ್ದರಂತೆ. ಆ ಹೊಲಗಳೆಲ್ಲ ಒಂದೊಂದಾಗಿ ಬಾದಾಮಿ ತೋಟಗಳಾದವು. ವಸಂತದಲ್ಲಿ ಗುಡ್ಡದ ಬುಡವೆಲ್ಲ ಹೂವಿನಿಂದ ಬೆಳ್ಳಗಾಗುತ್ತಿತ್ತು, ನೋಡಲು ಎರಡು ಕಣ್ಣು ಸಾಲದು. ಹಸುವಿಗೆ ಹೂ ಹಾಸಲಾದೀತೆ? ಹುಲ್ಲು ತಿನ್ನಲಿಕ್ಕೇ ಸಾಲದು, ಹಾಸುವ ಮಾತೆಲ್ಲಿ. ತೆಳ್ಳಗೆ ಹರಡಿದ್ದು ಗಂಜಲದಲ್ಲಿ ನೆನೆದು ಮರುದಿನಕ್ಕೇ ಕೊಳೆಯುತ್ತಿತ್ತು. ಹಸುಗಳ ಮಂಡಿ ಬಾತುಕೊಳ್ಳುತ್ತಿದ್ದವು. ಕರುಗಳು ಒದ್ದೆಯಲ್ಲಿ ಮಲಗಿ ಕೆಮ್ಮುತ್ತಿದ್ದವು.

ಅವಳು ಬಂದ ಮೇಲಿನ ಎರಡನೆಯ ಚಳಿಗಾಲದಲ್ಲಿ ಬೂದಿಯ ಕರು ಹಾಗೆ ಕೆಮ್ಮುತ್ತಲೇ ಹೋಯಿತು. ಅತ್ತೆ ಅದನ್ನು ಅಡುಗೆಮನೆಗೆ ಎತ್ತಿ ತಂದು, ಒಲೆಯ ಪಕ್ಕದಲ್ಲಿ ಮಡಿಲ ಮೇಲೆ ಹಾಕಿಕೊಂಡು ಕೂತಿದ್ದರು. ಉಸಿರು ನಿಂತ ಮೇಲೂ ಅವರು ಏಳಲಿಲ್ಲ. ಕೊಟ್ಟಿಗೆಯಿಂದ ಬೂದಿ ಕೂಗುತ್ತಿತ್ತು. ಕೂಗಿದಾಗಲೆಲ್ಲ ಅತ್ತೆ, ಅದಕ್ಕೆ ಕೇಳಿಸುತ್ತದೆಯೇನೋ ಎಂಬಂತೆ "ಹೂಂ, ಹೂಂ" ಎನ್ನುತ್ತಿದ್ದರು.

ಆ ಚಳಿ ಕಳೆದ ಮೇಲೆ ಒಂದು ದಿನ ಅವರು ಮಗನನ್ನೂ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡರು.

"ನೋಡಿ, ನನ್ನ ಕೈಲಿ ಇನ್ನೊಂದು ಕರುವಿನ ಸಾವು ನೋಡೋಕಾಗಲ್ಲ. ಬೂದಿ ಮತ್ತೆ ಗಬ್ಬ ಆಗಿದೆ. ಮುಂದಿನ ಚಳಿಗೆ ಕರು ಹಾಕುತ್ತೆ. ಅದೂ ಹೋದ್ರೆ ಎಲ್ಲಾನೂ ಮೀಸೆಯವರಿಗೆ ಕೊಟ್ಟುಬಿಡ್ತೀನಿ. ಆ ಚಳಿ ಮುಗಿದ ಕೂಡಲೇ ಲಾರಿ ತನ್ನಿ ಅಂತ ಹೇಳೂ ಆಗಿದೆ."

ಮೀಸೆಯವರು ಎಂದರೆ ದನದ ವ್ಯಾಪಾರಿ. ಕೆಟ್ಟವರೇನಲ್ಲ. ಆದರೆ ಅವರ ಲಾರಿ ಯಾವ ಮನೆಯ ಮುಂದೆ ನಿಂತರೂ ಒಳಗೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

"ಹಸು ಇಲ್ದೆ ಇದ್ರೆ ನೀನು ಬೆಳಗಾದ್ರೆ ಯಾರನ್ನ ಬೈತೀಯಮ್ಮಾ?" ಎಂದ ಮಗ.

"ನೀನಿದ್ದೀಯಲ್ಲ" ಎಂದರು ಅತ್ತೆ, ನಗದೆ.

ಸೊಸೆ ಎದ್ದು ಕೊಟ್ಟಿಗೆಗೆ ಹೋಗಿ, ಬೂದಿ ಮಲಗುವ ಜಾಗದಲ್ಲಿ ನಿಂತು, ಅಪ್ಪ ಮಾಡುತ್ತಿದ್ದ ಹಾಗೆ ಎರಡೂ ಮಂಡಿ ಊರಿ ಬಿದ್ದಳು. ನೋವು ತಲೆಯವರೆಗೂ ಹತ್ತಿತು. ಸೀರೆ ಮಂಡಿಯ ಹತ್ತಿರ ತೊಯ್ದು ತಣ್ಣಗೆ ಅಂಟಿಕೊಂಡಿತು. ಹಸು ಮಲಗುವಾಗ ಮೊದಲು ಮಡಿಸುವುದು ಮುಂಗಾಲನ್ನು. ಮೈಯ ಭಾರವೆಲ್ಲ ಒಂದು ಕ್ಷಣ ಮಂಡಿಯ ಮೇಲೆ. ದಿನವೂ, ಎಷ್ಟೋ ಸಲ, ಇದರ ಮೇಲೆ. ಇದನ್ನು ಇಷ್ಟು ದಿನ ತೊಳೆದಳು, ಗುಡಿಸಿದಳು. ಹಾಸಿಗೆ ಹೊಲಿಯುವವನ ಮಗಳಾಗಿ ಒಂದು ಸಲವೂ ಇದನ್ನು ಹಾಸಿಗೆ ಎಂದು ನೋಡಿರಲಿಲ್ಲ.

ಆಮೇಲೆ ಅವಳು ಕಂಡದ್ದಕ್ಕೆಲ್ಲ ಮಂಡಿ ಊರತೊಡಗಿದಳು. ಮರಳು ತಣ್ಣಗೆ. ಮರದ ಹೊಟ್ಟು ಒಳ್ಳೆಯದೇ, ಆದರೆ ಸುತ್ತಮುತ್ತ ಮರ ಕೊಯ್ಯುವವರಿಲ್ಲ. ಒಣಗಿದ ಎಲೆ ಒಂದೇ ದಿನಕ್ಕೆ ಪುಡಿ. ಸೊಸೆಗೆ ಏನೋ ಆಗಿದೆ ಎಂದು ಅತ್ತೆಗೆ ಅನುಮಾನ ಬಂತು. ಮಗನಿಗೆ ಮಾತ್ರ ಬಹಳ ಸಂತೋಷ. "ಇನ್ನು ನನ್ನ ಎದುರಿಗೂ ಒಂದ್ಸಲ ಮಂಡಿ ಊರು, ನೋಡೋಣ" ಎಂದು ಹೇಳಿ ಚೊಂಬಿನಿಂದ ಏಟು ತಿಂದ.

ಬಾದಾಮಿಯ ಕಾಲ ಶುರುವಾಯಿತು. ತೋಟಗಳಲ್ಲಿ ಮರ ಅಲ್ಲಾಡಿಸಿ ಕಾಯಿ ಉದುರಿಸಿ, ಬಿಸಿಲಿಗೆ ಒಣಗಿಸಿ ಗಿರಣಿಗೆ ತಂದು ಸುರಿಯುತ್ತಿದ್ದರು. ಬಾದಾಮಿಗೆ ಎರಡು ಹೊದಿಕೆ. ಹೊರಗೆ ಚರ್ಮದಂಥ ದಪ್ಪ ಸಿಪ್ಪೆ. ಅದರೊಳಗೆ ಮರದಂಥ ಚಿಪ್ಪು. ಚಿಪ್ಪಿನೊಳಗೆ ಜನ ತಿನ್ನುವ ಬೀಜ. ಗಿರಣಿಗೆ ಬೇಕಾದದ್ದು ಬೀಜವಷ್ಟೇ. ಉಳಿದದ್ದು ಹಿತ್ತಲಲ್ಲಿ ಗುಡ್ಡೆಯಾಗಿ, ಆಗಾಗ ಬೆಂಕಿಯಾಗಿ, ಹೊಗೆಯಾಗಿ ರಸ್ತೆ ದಾಟಿ ಕೊಟ್ಟಿಗೆಗೆ ಬರುತ್ತಿತ್ತು.

ಹೊಗೆಯ ಬಗ್ಗೆ ನಾಲ್ಕು ಮಾತು ಆಡಿ ಬರೋಣವೆಂದು ಅವಳು ಒಂದು ತುಂತುರು ಮಳೆಯ ಬೆಳಗ್ಗೆ ಗಿರಣಿಯ ಹಿತ್ತಲಿಗೆ ಹೋದಳು. ಗುಡ್ಡೆಯ ಮೇಲೆ ಒಂದು ಬೀದಿನಾಯಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಮೇಲೆ ಮಳೆ, ನಾಯಿಗೆ ಅದರ ಪರಿವೆಯೇ ಇಲ್ಲ. ಇವಳನ್ನು ಕಂಡು ಅದು ಬೇಸರದಿಂದ ಎದ್ದು ಹೋದಾಗ, ಅದು ಮಲಗಿದ್ದ ಗುಳಿಯಲ್ಲಿ ಅವಳು ಕೈಯಿಟ್ಟು ನೋಡಿದಳು. ಬೆಚ್ಚಗೆ, ಒಣಗಿ, ಗರಗರ ಅನ್ನುತ್ತಿತ್ತು. ಮಳೆಯ ನೀರು ಮೇಲಿನ ಪದರವನ್ನು ದಾಟಿಯೇ ಇರಲಿಲ್ಲ.

ಅವಳು ಹಿಂದೆಮುಂದೆ ನೋಡಲಿಲ್ಲ. ಮಂಡಿ ಊರಿ ಬಿದ್ದಳು. ಗುಡ್ಡೆ ಮೆಲ್ಲಗೆ ಕುಸಿದು ಅವಳನ್ನು ಹಿಡಿದುಕೊಂಡಿತು.

"ಏನಮ್ಮಾ, ಕಸಕ್ಕೆ ಕೈ ಮುಗೀತಿದ್ದೀಯಾ?"

ಹಿಂದೆ ಗಿರಣಿಯ ಫಿಟ್ಟರ್ ನಿಂತಿದ್ದರು. ವಯಸ್ಸಾದವರು, ಯಂತ್ರಗಳ ಅಡಿಗೆ ತೂರಿ ತೂರಿ ಸೊಂಟ ಒಂದು ಪಕ್ಕಕ್ಕೆ ವಾಲಿಬಿಟ್ಟಿತ್ತು. ಊರಿಗೆಲ್ಲ ಫಿಟ್ಟರ್ ಮಾಮ.

"ಮಾಮ, ಇದನ್ನ ನಾನು ತಗೊಂಡು ಹೋಗಲಾ?"

"ಎಷ್ಟು?"

"ಎಲ್ಲಾ."

ಫಿಟ್ಟರ್ ಮಾಮ ನಕ್ಕ ನಗೆಗೆ ನಾಯಿ ಬೊಗಳಿತು. "ತಗೊಂಡು ಹೋಗಮ್ಮಾ ತಾಯೀ. ಎಲ್ಲರೂ ಬೀಜ ಕೇಳ್ಕೊಂಡು ಬರ್ತಾರೆ, ಚಿಪ್ಪು ಕೇಳ್ಕೊಂಡು ಬಂದವಳು ನೀನೊಬ್ಬಳೇ. ಇನ್ಮೇಲೆ ನಿನ್ನ ಹೆಸರು ಚಿಪ್ಪಕ್ಕ!"

ಸಂಜೆಯೊಳಗೆ ಆ ಹೆಸರು ಬೀದಿ ತುಂಬ ಓಡಾಡಿತು. ಅವಳ ಗಂಡನೇ ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅದನ್ನು ಹಂಚಿದ್ದ. ಆದರೆ ಅದೇ ವ್ಯಾನಿನಿಂದ ಕ್ಯಾನುಗಳನ್ನು ಇಳಿಸಿ, ಗೋಣಿಚೀಲಗಳನ್ನು ತುಂಬಿ ತಂದವನೂ ಅವನೇ. ಚಿಪ್ಪಕ್ಕ ಕಲ್ಲು ನೆಲವನ್ನು ತೊಳೆದು ಒಣಗಿಸಿ, ದಪ್ಪಗೆ ಹರಡಿ, ಅಪ್ಪ ಹತ್ತಿ ಬಿಡಿಸುವ ಹಾಗೆ ಕೈಯಿಂದ ಬಿಡಿಸಿ ಬಿಡಿಸಿ ಸಮ ಮಾಡಿದಳು. ಮಂಡಿ ಊರಿ ನೋಡಿದಳು. ಆಹಾ! ಬೂದಿ ಮೂಸಿ ನೋಡಿ, ಮುಂಗಾಲು ಮಡಿಸಿ, ದೊಡ್ಡ ಉಸಿರು ಬಿಟ್ಟು ಮಲಗಿತು. ಅಷ್ಟು ಸಲೀಸಾಗಿ ಅದು ಮಲಗಿದ್ದನ್ನು ಅವಳು ಕಂಡೇ ಇರಲಿಲ್ಲ. ಗೆದ್ದೆ ಎಂದುಕೊಂಡು ಮಲಗಲು ಹೋದಳು.

ಬೆಳಗ್ಗೆ ಅತ್ತೆಯ ಕೂಗಿಗೆ ಓಡಿಬಂದು ನೋಡಿದರೆ, ಹಾಸಿಗೆಯೇ ಇಲ್ಲ.

ಇಲ್ಲವೇ ಇಲ್ಲ ಎಂದಲ್ಲ. ಅಲ್ಲಲ್ಲಿ ಚಿಪ್ಪಿನ ಚೂರು ಉಳಿದಿತ್ತು. ನಡುನಡುವೆ ಕಲ್ಲು ಹಲ್ಲು ಕಿಸಿಯುತ್ತಿತ್ತು. ಹಸುಗಳು ಸಾಲಾಗಿ ನಿಂತು, ಗೋದಲಿಯ ಹುಲ್ಲಿಗೆ ಬೆನ್ನು ತಿರುಗಿಸಿ, ನೆಲಕ್ಕೆ ಮೂತಿಯಿಟ್ಟು ಸದ್ದು ಮಾಡುತ್ತ ಮೇಯುತ್ತಿದ್ದವು. ಒಂದು ತಾನು ಮಲಗಿದ್ದನ್ನು ತಿಂದು ಮುಗಿಸಿ ಪಕ್ಕದ್ದರ ಹಾಸಿಗೆಗೆ ಬಾಯಿ ಹಾಕಿತ್ತು. ಅಷ್ಟೇ ಅಲ್ಲ, ಎರಡಕ್ಕೆ ಹೊಟ್ಟೆ ಕೆಟ್ಟು ಗೋಡೆಯೆಲ್ಲ ಹಸಿರಾಗಿತ್ತು.

"ಈ ಕಣ್ಣಲ್ಲಿ ಏನೇನೋ ನೋಡಿದ್ದೆ. ಹಾಸಿಗೆ ತಿನ್ನೋ ಹಸುವನ್ನ ಇವತ್ತು ನೋಡಿದೆ" ಎಂದರು ಅತ್ತೆ.

"ಹೊದಿಕೆ ಏನಾದ್ರೂ ಕೊಟ್ಟಿದ್ದೆಯಾ? ಅದನ್ನೂ ತಿಂದವಾ?" ಎಂದ ಗಂಡ.

ಚಿಪ್ಪಕ್ಕನಿಗೆ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಆದರೆ ಆ ನೆಲವನ್ನು ತೊಳೆಯುವುದಿತ್ತು.

ದನದ ಡಾಕ್ಟ್ರಮ್ಮ ಮಧ್ಯಾಹ್ನ ಬಂದರು. ಯಾವಾಗಲೂ ರಬ್ಬರಿನ ಬೂಟು ಹಾಕಿಕೊಂಡಿರುವ, ಗಡಿಬಿಡಿಯ, ನಗುಮುಖದ ಹೆಂಗಸು. ಕತೆ ಕೇಳಿ ಗೋಡೆಗೆ ಒರಗಿ ನಕ್ಕರು. ಆಮೇಲೆ ಉಳಿದ ಚೂರುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬೆರಳಿನಿಂದ ಎರಡು ಪಾಲು ಮಾಡಿದರು.

"ಇಲ್ನೋಡಿ. ಇದು ಮೇಲಿನ ಸಿಪ್ಪೆ. ಹಣ್ಣಿನ ಸಿಪ್ಪೆ ಇದ್ದ ಹಾಗೆ, ಸಿಹಿ ಇರುತ್ತೆ. ಹಸು ಬಿಡುತ್ತಾ? ಇದು ಒಳಗಿನ ಚಿಪ್ಪು. ಇದು ತಿನ್ನೋದಲ್ಲ, ಮಲಗೋದು. ನೀವು ಎರಡೂ ಕಲಸಿ ಹಾಸಿದ್ದೀರಿ. ಸಗಣಿ ಮೇಲಿಂದ ಆರಿಸಿ ತಿಂದಿವೆ, ಹೊಟ್ಟೆ ಕೆಡದೆ ಇನ್ನೇನಾಗುತ್ತೆ?"

"ಹಾಗಾದ್ರೆ ಸಿಪ್ಪೆ ಗೋದಲಿಗೆ ಹಾಕಬಹುದಾ?"

"ಧಾರಾಳವಾಗಿ. ಆದ್ರೆ ಸ್ವಲ್ಪದಿಂದ ಶುರು ಮಾಡಿ, ಹುಲ್ಲು ಹಿಂಡಿ ಜೊತೆ ಬೆರೆಸಿ. ಅದೊಂದನ್ನೇ ಹಾಕಬೇಡಿ. ಒಣಗಿರಬೇಕು; ಬೂಷ್ಟು ಬಂದಿದ್ರೆ ಮುಲಾಜಿಲ್ಲದೆ ಎಸೀರಿ. ಕಲ್ಲು ಕಡ್ಡಿ ಆರಿಸಿ." ಬೂಟು ತೊಳೆದುಕೊಳ್ಳುತ್ತ ಅವರು ತಲೆ ಎತ್ತಿದರು. "ಉಪಾಯ ಒಳ್ಳೇದೇ ಕಣ್ರೀ. ಬೇರೆ ಮಾಡೋದು ಹೇಗೆ ಅನ್ನೋದನ್ನ ಮಾತ್ರ ನನ್ನ ಕೇಳಬೇಡಿ."

ಚಿಪ್ಪಕ್ಕ ಜರಡಿ ಹಿಡಿದಳು. ಅಂಗಳದಲ್ಲಿ ಕೂತು ಜರಡಿಯಾಡಿಸುವುದು, ಉಳಿದದ್ದನ್ನು ಕೈಯಿಂದ ಆರಿಸುವುದು. ಸಿಪ್ಪೆಯ ಕರೆ ಹತ್ತಿ ಬೆರಳುಗಳು ಕಪ್ಪಾದವು, ಉಗುರಿನ ಸಂದಿ ಒಡೆಯಿತು. ಅಷ್ಟು ಪಾಡುಪಟ್ಟರೂ ದೊರೆತದ್ದು ಕರುಗಳ ಪುಟ್ಟ ಅಂಕಣಕ್ಕೆ ಹಾಸುವಷ್ಟು ಮಾತ್ರ. ಅಲ್ಲಿ ಮಾತ್ರ ನೆಲ ಒಣಗಿತು. ಕೊಟ್ಟಿಗೆಗೆಲ್ಲ ಹಾಸಲು ಹೀಗೆ ಆರಿಸುತ್ತ ಕೂತರೆ ಈ ಚಳಿಯಲ್ಲ, ಅದರಾಚೆಯ ಚಳಿಯೂ ಕಳೆದುಹೋಗುತ್ತಿತ್ತು. ಬೂದಿಯ ಹೊಟ್ಟೆ ದಿನದಿಂದ ದಿನಕ್ಕೆ ಕೆಳಗಿಳಿಯುತ್ತಿತ್ತು.

ಇಷ್ಟಕ್ಕೂ ಇವೆರಡೂ ಕಲೆಯುವುದು ಎಲ್ಲಿ? ಅದನ್ನು ನೋಡಲೆಂದೇ ಅವಳು ಗಿರಣಿಯ ಒಳಗೆ ಹೋದಳು. ಯಂತ್ರದ ಗದ್ದಲದಲ್ಲಿ ಗೋಡೆಗಳೇ ನಡುಗುತ್ತಿದ್ದವು. ಕಾಯಿ ಮೇಲಿನಿಂದ ಬಿದ್ದು ಮೊದಲನೆಯ ಉರುಳೆಗೆ ಸಿಕ್ಕಿದೊಡನೆ ಸಿಪ್ಪೆ ಕಳಚಿ ಒಂದು ಬಾಯಿಂದ ಹೊರಬೀಳುತ್ತಿತ್ತು. ಮುಂದೆ ಹೋಗಿ ಎರಡನೆಯ ಉರುಳೆಯಲ್ಲಿ ಚಿಪ್ಪು ಒಡೆದು ಇನ್ನೊಂದು ಬಾಯಿಂದ. ಎರಡು ಬಾಯಿ! ಅವಳು ಕಣ್ಣುಜ್ಜಿಕೊಂಡು ನೋಡಿದಳು. ಅವಳು ಉಗುರು ಒಡೆದುಕೊಂಡು ಮಾಡುತ್ತಿದ್ದ ಕೆಲಸವನ್ನು ಯಂತ್ರ ಆಗಲೇ ಮಾಡಿ ಮುಗಿಸಿತ್ತು. ಆ ಎರಡು ಬಾಯಿಗಳನ್ನು ಸೇರಿಸುವ ತಗಡಿನ ಕೊಳವೆಯೊಂದು, ಆನೆಯ ಸೊಂಡಿಲಿನಂತೆ ಬಾಗಿ, ಎರಡನ್ನೂ ಮತ್ತೆ ಕಲಸಿ ಹಿತ್ತಲಿಗೆ ಉಗುಳುತ್ತಿತ್ತು.

"ಅದು ನನ್ನ ಕೈಕೆಲಸ" ಎಂದರು ಫಿಟ್ಟರ್ ಮಾಮ, ಕೊಳವೆಯನ್ನು ಕರುವಿನ ಬೆನ್ನಂತೆ ಸವರುತ್ತ. "ಎರಡು ಕಡೆ ಕಸ ಬೀಳ್ತಿತ್ತು, ಯಜಮಾನ್ರು ಕಿರುಚಾಡ್ತಿದ್ರು. ಹ್ಯಾಗೆ ಸೇರಿಸಿದೀನಿ ನೋಡು, ಒಂದು ಚೂರು ಸಂದು ಇಲ್ಲ."

"ಬಿಡಿಸೋಕಾಗಲ್ವಾ ಮಾಮ?"

ಅವರ ಮುಖ ಸಪ್ಪಗಾಯಿತು. "ಹೆತ್ತವರ ಎದುರಿಗೆ ಕೇಳೋ ಮಾತಾ ಇದು?"

ಅವಳು ಗಿರಣಿಯ ಯಜಮಾನರ ಹತ್ತಿರ ಹೋದಳು. ಆಯುಷ್ಯವೆಲ್ಲ ಯಂತ್ರದ ಸದ್ದನ್ನು ಮೀರಿಸಿ ಮಾತಾಡಿದ ಅವರು ಮನೆಯಲ್ಲೂ, ಆಸ್ಪತ್ರೆಯಲ್ಲೂ, ಯಾರದಾದರೂ ಕಿವಿಯಲ್ಲಿ ಗುಟ್ಟು ಹೇಳುವಾಗಲೂ ಕೂಗಿಯೇ ಹೇಳುತ್ತಿದ್ದರು.

"ಕೆಲಸದ ಕಾಲದಲ್ಲಿ ಮಿಷನ್ ನಿಲ್ಲಿಸು ಅಂತೀಯಲ್ಲಮ್ಮಾ! ಹಾರ್ತಿರೋ ವಿಮಾನ ನಿಲ್ಲಿಸು, ರೆಕ್ಕೆ ಬದಲಾಯಿಸ್ತೀನಿ ಅಂದ ಹಾಗಾಯ್ತು! ಆಗಲ್ಲ! ಕಾಲ ಮುಗಿದ ಮೇಲೆ ಬಾ!"

ಕಾಲ ಮುಗಿದ ಮೇಲೆ ಸಿಪ್ಪೆಯೆಲ್ಲಿ, ಚಿಪ್ಪೆಲ್ಲಿ? ಅವಳು ವಾದ ಮಾಡಲಿಲ್ಲ. ಮರುದಿನ ಊಟದ ಹೊತ್ತಿಗೆ ಯಂತ್ರ ನಿಂತಾಗ, ಗಿರಣಿಯ ಬಾಗಿಲಲ್ಲಿ ನಿಂತು ಫಿಟ್ಟರ್ ಮಾಮನನ್ನು ಕರೆದಳು.

"ಮಾಮ, ಕೊಳವೆ ವಿಷಯ ಅಲ್ಲ. ಐದು ನಿಮಿಷ ಬಂದು ಹೋಗಿ."

ಕರುಗಳ ಅಂಕಣದ ಮೇಲೆ ಬಿಸಿಲು ಬಿದ್ದಿತ್ತು. ಒಣಚಿಪ್ಪಿನ ದಪ್ಪ ಹಾಸಿನ ಮೇಲೆ ಕರುಗಳು ಕಾಲು ಚಾಚಿ, ಒಗೆದು ಹರಡಿದ ಬಟ್ಟೆಗಳಂತೆ ಬಿದ್ದುಕೊಂಡಿದ್ದವು. ಒಂದೂ ಕೆಮ್ಮುತ್ತಿರಲಿಲ್ಲ.

"ಕೂತು ನೋಡಿ" ಎಂದಳು ಚಿಪ್ಪಕ್ಕ.

ಫಿಟ್ಟರ್ ಮಾಮ ಬೇಡವೆನ್ನುತ್ತಲೇ, ಸೊಂಟ ಹಿಡಿದುಕೊಂಡು ಕೂತರು. ಕೂತವರು ಅಂಗೈಯಿಂದ ಹಾಸನ್ನು ಒತ್ತಿ ನೋಡಿದರು. ಆಮೇಲೆ, ಪರೀಕ್ಷೆ ಮಾಡುವವರ ಹಾಗೆ ಮುಖ ಮಾಡಿಕೊಂಡು, ನಿಧಾನವಾಗಿ ಬೆನ್ನು ಕೆಳಗಿಟ್ಟರು. ಚಿಪ್ಪಕ್ಕ ಚಹಾ ತರುವಷ್ಟರಲ್ಲಿ ಅವರಿಗೆ ಗಾಢ ನಿದ್ದೆ. ಒಂದು ಕರು ಬಗಲಲ್ಲಿ ಒತ್ತರಿಸಿ ಮಲಗಿತ್ತು. ಇನ್ನೊಂದು ಅವರ ಕಿವಿಯನ್ನು ಶ್ರದ್ಧೆಯಿಂದ ನೆಕ್ಕುತ್ತಿತ್ತು.

ಗಿರಣಿಯ ಗಂಟೆ ಬಾರಿಸಿದಾಗ ಅವರು ದಡಬಡಿಸಿ ಎದ್ದರು. ಎದ್ದ ಮೇಲೆ ಅವರಿಗೇ ಆಶ್ಚರ್ಯ: ಸೊಂಟ ಹಿಡಿದುಕೊಳ್ಳುವುದನ್ನೇ ಮರೆತಿದ್ದರು.

"ನಮ್ಮ ಮನೆ ಮಂಚಕ್ಕಿಂತ ವಾಸಿ ಇದೆಯಲ್ಲೇ" ಎಂದು ಗೊಣಗಿದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಕೊಳವೆ ಕತ್ತರಿಸೋ ಮಾತಿಲ್ಲ. ಅದು ನನ್ನಿಂದಾಗಲ್ಲ."

"ಬೇಡ ಮಾಮ."

"ಆದ್ರೆ ಒಳಗೆ ಒಂದು ತಗಡಿನ ರೆಕ್ಕೆ ಕೂರಿಸಬಹುದು. ಹಿಡಿ ಆ ಕಡೆ ತಿರುಗಿಸಿದ್ರೆ ಬೇರೆ ಬೇರೆ, ಈ ಕಡೆ ತಿರುಗಿಸಿದ್ರೆ ಮೊದಲಿನ ಹಾಗೆ. ಕೂಡಿಸಿದ ಕೈಗೇ ತಾನೇ ಬಿಡಿಸೋಕೂ ಬರಬೇಕು." ಅಷ್ಟು ಹೇಳುವಾಗ ಅವರ ಕಣ್ಣು ಆಗಲೇ ಬೇರೆ ಎಲ್ಲೋ, ತಗಡನ್ನು ಅಳೆಯುತ್ತಿತ್ತು.

ಅವರು ಅದನ್ನು ಊಟದ ವೇಳೆಗಳಲ್ಲೇ ಮಾಡಿ ಮುಗಿಸಿದರು. ಯಂತ್ರ ಒಂದು ನಿಮಿಷವೂ ಹೆಚ್ಚಿಗೆ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಯಜಮಾನರು ಹಿತ್ತಲಿಗೆ ಬಂದು ನೋಡುತ್ತಾರೆ, ಒಂದಿದ್ದ ಗುಡ್ಡೆ ಎರಡಾಗಿದೆ. ಒಂದು ಕಂದು, ಒಂದು ತಿಳಿಹಳದಿ. ನಡುವೆ ಚಿಪ್ಪಕ್ಕ ಗೋಣಿಚೀಲ ಹಿಡಿದು ನಿಂತಿದ್ದಾಳೆ, ಅವಳ ಗಂಡ ವ್ಯಾನನ್ನು ಹಿಮ್ಮುಖವಾಗಿ ತರುತ್ತಿದ್ದಾನೆ.

"ಯಾರು ಮಾಡಿದ್ದು ಇದು!"

"ನಾನೇ" ಎಂದರು ಫಿಟ್ಟರ್ ಮಾಮ, ಹಿಡಿಯ ಮೇಲೆ ಕೈಯಿಟ್ಟು. "ಒಂದ್ಸಲ ತಿರುಗಿಸಿದ್ರೆ ಮೊದಲಿನ ಹಾಗೇ ಆಗುತ್ತೆ ಯಜಮಾನ್ರೇ. ಮತ್ತೆ ಬೆಂಕಿ ಹಾಕಬಹುದು, ಮತ್ತೆ ಬೀದಿಯವರೆಲ್ಲ ಕೆಮ್ಮುತ್ತಾ ಬಂದು ನಿಮ್ಮ ಬಾಗಿಲಲ್ಲಿ ನಿಲ್ಲಬಹುದು. ತಿರುಗಿಸ್ಲಾ?"

ಯಜಮಾನರು ಗುಡ್ಡೆಗಳನ್ನು ನೋಡಿದರು. ತಿಂಗಳುಗಟ್ಟಲೆ ಹೊಗೆಯಿಂದ ಕಪ್ಪಾಗಿದ್ದ ತಮ್ಮ ಗೋಡೆಯನ್ನು ನೋಡಿದರು.

"ಬೇಡ, ಇರಲಿ ಬಿಡು" ಎಂದರು. ಅವರ ಸಹಜವಾದ ದನಿ ಹೇಗಿದೆ ಎಂಬುದನ್ನು ಅಲ್ಲಿದ್ದವರು ಅವತ್ತು ಮೊದಲ ಸಲ ಕೇಳಿದರು.

ಅಲ್ಲಿಂದ ಮುಂದೆ ಕೆಲಸವೋ ಕೆಲಸ. ವ್ಯಾನು ಹಾಲು ಇಳಿಸಿ ಬಂದ ಮೇಲೆ ರಸ್ತೆಯ ಆಚೆಯಿಂದ ಈಚೆಗೆ ಓಡಾಡುತ್ತಿತ್ತು. ಸಿಪ್ಪೆಯನ್ನು ಮಾಡಿನ ಕೆಳಗೆ ತೆಳ್ಳಗೆ ಹರಡಿ, ತಿರುವಿ, ಕಡ್ಡಿ ಕಲ್ಲು ಆರಿಸಿ, ಚೆನ್ನಾಗಿ ಒಣಗಿಸಿ ಕೂಡಿಡುವುದು. ಚಿಪ್ಪನ್ನು ಟಾರ್ಪಾಲಿನ ಅಡಿಗೆ ಗುಡ್ಡೆ ಹಾಕುವುದು. ಒಂದು ಸಂಜೆ ಇದ್ದಕ್ಕಿದ್ದಂತೆ ಮೋಡ ಕವಿದು ಗಾಳಿ ಎದ್ದು ಟಾರ್ಪಾಲು ಹಾರಿಹೋದಾಗ ಅದರ ಒಂದು ತುದಿಗೆ ಗಂಡ, ಒಂದು ತುದಿಗೆ ಅವಳು ಜೋತುಬಿದ್ದರು. ಮೂರನೆಯ ತುದಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಯಾರೋ ಬಂದು ಅದನ್ನು ಹಿಡಿದು ಅದರ ಮೇಲೆ ಕೂತೇಬಿಟ್ಟರು. ನೋಡಿದರೆ ಅತ್ತೆ.

"ಏನು ನೋಡ್ತೀರಿ? ಕಲ್ಲು ತಂದು ಇಡಿ. ನಾನೇನು ಬೆಳಗಿನವರೆಗೂ ಇಲ್ಲೇ ಕೂತಿರಲಾ?"

ಗೋದಲಿಗೆ ಮೊದಲ ದಿನ ಒಂದು ಹಿಡಿ ಸಿಪ್ಪೆ, ಆಮೇಲೆ ಎರಡು. ಹಿಂಡಿ, ಹುಲ್ಲಿನೊಡನೆ ಬೆರೆಸಿದ ಆ ಸಿಹಿಗೆ ಹಸುಗಳು ಅವಳ ಹೆಜ್ಜೆಯ ಸದ್ದನ್ನೇ ಕಾಯತೊಡಗಿದವು. ಹಾಲು ಕಡಿಮೆಯಾಗಲಿಲ್ಲ, ಸಾಲದ ಹುಲ್ಲು ಸಾಲತೊಡಗಿತು. ನೆಲಕ್ಕೆ ಚಿಪ್ಪು ಮಾತ್ರ. ಅದನ್ನು ಯಾವ ಹಸುವೂ ತಿನ್ನಲಿಲ್ಲ. ಒಂದು ಮೂಸಿ ನೋಡಿ, ಮೋಸ ಹೋದವರಂತೆ ಅವಳ ಮುಖ ನೋಡಿತು, ಅಷ್ಟೇ. ದಿನವೂ ಬೆಳಗ್ಗೆ ಅವಳು ಒದ್ದೆಯಾದದ್ದನ್ನು ತೆಗೆದು, ಉಳಿದದ್ದನ್ನು ಕುಂಟೆಕೋಲಿನಿಂದ ಸಡಿಲಿಸಿ, ಹೊಸದನ್ನು ಸುರಿದು, ಮಂಡಿ ಊರಿ ನೋಡುತ್ತಿದ್ದಳು. ಬಾತುಕೊಂಡಿದ್ದ ಹಸುಗಳ ಮಂಡಿಗಳು ಒಂದೊಂದಾಗಿ ಇಳಿದವು; ರೋಮ ಉದುರಿದ್ದಲ್ಲಿ ಹೊಸದು ಬಂತು.

ಚಳಿಗಾಲ ಬಂತು, ಹಿಂದಿನ ಎರಡಕ್ಕಿಂತ ಕಟುವಾಗಿ. ಮಳೆ ಸುರಿಯಲು ಶುರುವಾದರೆ ಗುಡ್ಡವೇ ಕಾಣದು. ಅಂಥದೇ ಒಂದು ಮಧ್ಯಾಹ್ನ ಬೂದಿ ಕರು ಹಾಕಿತು.

ಹೆಣ್ಣುಗರು. ತಾಯಿಯದೇ ಬಣ್ಣ. ಒದ್ದೆ ಮೈಗೆ ಚಿಪ್ಪಿನ ಚೂರುಗಳೆಲ್ಲ ಅಂಟಿಕೊಂಡು, ಯಾವುದೋ ಹೊಸ ಜಾತಿಯ ಪ್ರಾಣಿಯ ಹಾಗೆ ಕಾಣುತ್ತಿತ್ತು. ನಡುಗುತ್ತಿತ್ತು. ಅತ್ತೆ ಕಂಬಳಿ ಹಿಡಿದು ಓಡಿಬಂದರು.

"ಕೊಡೇ ಇಲ್ಲಿ, ಒಲೆ ಹತ್ತಿರ ಕರ್ಕೊಂಡು ಹೋಗ್ತೀನಿ."

ಚಿಪ್ಪಕ್ಕ ಅಡ್ಡ ನಿಂತಳು. ಆ ಮನೆಗೆ ಬಂದ ಮೇಲೆ ಅತ್ತೆಗೆ ಅವಳು ಎದುರಾಡಿದ್ದು ಅದೇ ಮೊದಲು. ಕಾಲು ಕದಲಲಿಲ್ಲ.

"ಇಲ್ಲೇ ಇರಲಿ ಅತ್ತೆ. ಬೂದಿ ನೆಕ್ಕಲಿ. ಅದರ ಮೈ ಒಣಗಿಸೋಕೆ ಅದಕ್ಕಿಂತ ಚೆನ್ನಾಗಿ ಯಾರಿಗೆ ಬರುತ್ತೆ? ಹೋದ ಸಲ ನೆಲ ಒದ್ದೆ ಇತ್ತು, ಎತ್ಕೊಂಡು ಹೋದ್ರಿ. ಈಗ ಒದ್ದೆ ಇಲ್ಲ."

"ಇದಕ್ಕೇನಾದ್ರೂ ಆದ್ರೆ?"

"ಆದ್ರೆ ಮೀಸೆಯವರ ಲಾರಿಗೆ ಹಗ್ಗ ನಾನೇ ಕಟ್ತೀನಿ."

ಅತ್ತೆ ಕಂಬಳಿಯನ್ನು ಎದೆಗೆ ಒತ್ತಿಕೊಂಡು, ಮಾಡಿನ ಮೇಲೆ ಮಳೆ ಬಡಿಯುವುದನ್ನು ಕೇಳುತ್ತ ನಿಂತರು. ಬೂದಿ ನೆಕ್ಕುತ್ತಲೇ ಇತ್ತು. ಅದರ ಒರಟು ನಾಲಗೆ ಒಂದೊಂದು ಸಲ ಎಳೆದಾಗಲೂ ಎರಡು ಮೂರು ಚಿಪ್ಪಿನ ಚೂರು ಉದುರುತ್ತಿದ್ದವು. ಒದ್ದೆ ರೋಮ ಒಣಗಿ ಎದ್ದು ನಿಲ್ಲತೊಡಗಿತು. ಚಿಪ್ಪಕ್ಕ ಹೊಸ ಚಿಪ್ಪು ತಂದು ಕರುವಿನ ಸುತ್ತ ಗೂಡಿನ ಹಾಗೆ ಒತ್ತರಿಸಿದಳು. ಕಾಲು, ಹೊಟ್ಟೆ, ಗದ್ದ ಎಲ್ಲ ಅದರಲ್ಲಿ ಹುದುಗಿ, ಬೆನ್ನು ಮಾತ್ರ ಹೊರಗೆ. ನಡುಕ ಬಿಟ್ಟು ಬಿಟ್ಟು ಬಂತು. ಆಮೇಲೆ ಬರಲಿಲ್ಲ.

ಅತ್ತೆ ಬಗ್ಗಿ, ಕರುವಿನ ಹೊಟ್ಟೆಯಡಿಗೆ ಚಿಪ್ಪಿನೊಳಗೆ ಕೈ ತೂರಿಸಿದರು. ಬಹಳ ಹೊತ್ತು ಕೈ ಹೊರಗೆ ತೆಗೆಯಲಿಲ್ಲ.

"ಬಿಸಿ ಇದೆ ಕಣೇ" ಎಂದರು ಕೊನೆಗೆ. "ಒಲೆ ಮಗ್ಗುಲಲ್ಲಿದ್ದ ಹಾಗೆ ಬಿಸಿ ಇದೆ."

ಕತ್ತಲಾಗುವ ಮೊದಲೇ ಕರು ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಇಟ್ಟು ಎದ್ದು, ಬಿದ್ದು, ಎದ್ದು, ಕೆಚ್ಚಲು ಹುಡುಕಿಕೊಂಡಿತು. ಅದು ಗಿಣ್ಣುಹಾಲು ಎಳೆಯುವ ಚಪಚಪ ಸದ್ದಿಗೆ ಗಂಡ ಕೂಡ ತಮಾಷೆ ಮಾಡುವುದನ್ನು ಮರೆತು ನಿಂತಿದ್ದ. ಆ ಚಳಿಗಾಲದಲ್ಲಿ ಕೊಟ್ಟಿಗೆಯಲ್ಲಿ ಹುಟ್ಟಿದ ಕರುಗಳೆಲ್ಲ ಉಳಿದವು. ಎಲ್ಲವೂ. ಕೊಟ್ಟಿಗೆಯಲ್ಲಿ ಕೆಮ್ಮಿನ ಸದ್ದೇ ಇಲ್ಲ. ಗುಡ್ಡದ ಬುಡದಲ್ಲಿ ಬಾದಾಮಿ ಮರಗಳು ಮತ್ತೆ ಬೆಳ್ಳಗೆ ಅರಳುವ ಹೊತ್ತಿಗೆ ಅವು ಬಾಲವೆತ್ತಿಕೊಂಡು ಅಂಗಳದ ತುಂಬ ಕುಣಿಯುತ್ತಿದ್ದವು.

ಚಿಪ್ಪಕ್ಕ ಗೋದಲಿಗೆ ಮೇವು ಬೆರೆಸುತ್ತಿದ್ದಾಗ ಹೊರಗೆ ಲಾರಿ ನಿಂತ ಸದ್ದಾಯಿತು. ಅವಳ ಕೈ ನಿಂತಿತು. ಬಂದದ್ದು ಯಾರೆಂದು ನೋಡದೆಯೇ ಗೊತ್ತಾಯಿತು. ಚಳಿ ಮುಗಿದ ಕೂಡಲೇ ಎಂದು ಅತ್ತೆ ಹೇಳಿದ್ದರಲ್ಲ; ಬರಬೇಡಿ ಎಂದು ಯಾರೂ ಹೇಳಿ ಕಳಿಸಿರಲಿಲ್ಲ. ಅತ್ತೆಯ ಮನಸ್ಸಿನಲ್ಲಿ ಏನಿದೆಯೋ ಅವರು ಇವತ್ತಿನವರೆಗೂ ಬಾಯಿ ಬಿಟ್ಟಿರಲಿಲ್ಲ.

"ಏನಮ್ಮಾ, ಎಲ್ಲಾ ರೆಡಿನಾ?" ಮೀಸೆಯವರ ದನಿ. "ಹಗ್ಗ ನಾನೇ ತಂದಿದ್ದೀನಿ."

"ಬನ್ನಿ, ಮೊದಲು ಒಳಗೆ ಬಂದು ನೋಡಿ" ಎಂದು ಅತ್ತೆ ಅವರನ್ನು ಕೊಟ್ಟಿಗೆಗೇ ಕರೆತಂದರು. ಮೀಸೆಯವರು ಬಾಗಿಲಲ್ಲೇ ನಿಂತುಬಿಟ್ಟರು. ಹಸುಗಳು ಹೊಟ್ಟೆ ತುಂಬಿ, ತಿಳಿಹಳದಿ ಹಾಸಿನ ಮೇಲೆ ಸಾಲಾಗಿ ಮಲಗಿ ಮೆಲುಕು ಹಾಕುತ್ತಿದ್ದವು. ಒಂದು ನೊಣದ ಗದ್ದಲವಿಲ್ಲ, ಮೂಗು ಮುಚ್ಚುವ ವಾಸನೆಯಿಲ್ಲ.

"ಏನಮ್ಮಾ ಇದು! ಹಸುಗಳಾ, ಬೀಗರ ಮನೆಗೆ ಬಂದ ನೆಂಟರಾ?"

"ಹಸುಗಳೇ. ಚೆನ್ನಾಗಿ ನೋಡಿ. ಮಾರೋಕಲ್ಲ" ಎಂದರು ಅತ್ತೆ.

"ಮತ್ತೆ ಲಾರಿ ತರೋಕೆ ಹೇಳಿದ್ರಿ?"

"ಹೇಳಿದ್ದೆ. ಖಾಲಿ ತಂದ್ರಾ, ಏನಾದ್ರೂ ಇದೆಯಾ ಅದರಲ್ಲಿ?"

ಮೀಸೆಯವರು ಮೀಸೆ ತಿರುವಿದರು. "ಒಂದು ಇದೆ. ಕೆಂಪು ಹಸು. ಯಾರೋ ಕಲ್ಲುನೆಲದ ಮೇಲೆ ಸಾ‍ಕಿ ಕಾಲು ಹಾಳು ಮಾಡಿದ್ದಾರೆ. ಯಾರು ತಗೋತಾರೋ ಅಂತ…"

ಅತ್ತೆ ಆಗಲೇ ಲಾರಿಯ ಹತ್ತಿರವಿದ್ದರು. ಹಲಗೆಯ ಸಂದಿಯಿಂದ ಕೈ ತೂರಿಸಿ ಹಸುವಿನ ಕೊರಳನ್ನು, ಬೆನ್ನನ್ನು, ಬಾತುಕೊಂಡ ಕಾಲನ್ನು ಸವರಿದರು. ಮನುಷ್ಯರಿಗೆ ಅಪರೂಪವಾಗಿದ್ದ ಆ ಮೆದು ದನಿಯಲ್ಲಿ ಅದಕ್ಕೇನೋ ಹೇಳಿದರು. ಆಮೇಲೆ ಕೊಟ್ಟಿಗೆಯ ಕಡೆ ತಿರುಗಿ, ಅದೇ ದನಿಯಲ್ಲಿ ಕೂಗಿದರು:

"ಮಗಳೇ, ಬೂದಿ ಪಕ್ಕದಲ್ಲಿ ಇನ್ನೊಂದು ಹಾಸಿಗೆ ಹಾಸು. ದಪ್ಪಗೆ ಹಾಸು."

ಚಿಪ್ಪಕ್ಕ ಆಗಲೇ ಚೀಲ ಬಿಚ್ಚಿ ಸುರಿಯುತ್ತಿದ್ದಳು.